ಬಿಟ್ಟ ಪಾಠ ಹೇಳಲು ಹೊರಟವರು

ನಮ್ಮ ಜೀವಶಾಸ್ತ್ರದ ಸರ್ ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರು ಮಾಡಿದ ಒಂದು ತಪ್ಪನ್ನು ಹೇಳದೆ ಅವರ ಬಗ್ಗೆ ಏನನ್ನೂ ಹೇಳುವುದಕ್ಕಾಗುವುದಿಲ್ಲ. ಆ ತಪ್ಪನ್ನು ಅವರೇ ಹೊಸಪೇಟೆ, ಸಂಡೂರು, ಕಂಪ್ಲಿ ಎಂದು ತಿರುಗಿ ಕಂಡವರ ಮುಂದೆಲ್ಲ ಹೇಳಿಕೊಂಡು ಬಂದರು, ನಿಜ. ಆದರೂ ತಮ್ಮ ತಪ್ಪನ್ನು ತಾವೇ ಹೇಳಿಕೊಳ್ಳುವುದು ಬೇರೆ, ಅದನ್ನು ಇನ್ನೊಬ್ಬರು ಹೆಸರು ಹಾಕಿ ಅಚ್ಚು ಮಾಡಿಸುವುದು ಬೇರೆ. ಗೊತ್ತಿದ್ದವರಿಗೆ ಹೇಗೂ ಗೊತ್ತಾಗುತ್ತದೆ.

ಹೊಸಪೇಟೆಯ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಹೇಳುತ್ತಿದ್ದೆ, ಅವರು ಜೀವಶಾಸ್ತ್ರ. ನನಗಿಂತ ಎಂಟು ವರ್ಷಕ್ಕೆ ದೊಡ್ಡವರು. ಸ್ಟಾಫ್ ರೂಮಿನಲ್ಲಿ ಇಬ್ಬರ ಟೇಬಲ್ಲುಗಳೂ ಅಂಟಿಕೊಂಡಿದ್ದವು. ಅವರ ಟೇಬಲ್ಲಿನ ಕಳೆಗಿಡಗಳು ನನ್ನ ಟೇಬಲ್ಲಿಗೂ ಬರುತ್ತಿದ್ದವು. ನಾನು ಎಷ್ಟೋ ಸಲ ಉತ್ತರಪತ್ರಿಕೆಗಳ ನಡುವೆ ಒಣಗಿದ ಎಲೆ ಕಂಡು ಯಾವ ಹುಡುಗಿ ಗುರುಗಳಿಗೆ ಪ್ರೇಮಪತ್ರ ಇಟ್ಟಿದ್ದಾಳೆ ಎಂದು ಗಾಬರಿಯಾಗಿದ್ದೇನೆ. ಅವರ ಕೊರಳಲ್ಲಿ ದಾರ ಕಟ್ಟಿದ ಒಂದು ಸಣ್ಣ ಭೂತಗನ್ನಡಿ ಸದಾ ಇರುತ್ತಿತ್ತು. ಹೂವಿನ ಕೇಸರ ನೋಡುವುದಕ್ಕೂ ಅದೇ, ಮದುವೆ ಕರೆಯೋಲೆಯ ಮುಹೂರ್ತ ಓದುವುದಕ್ಕೂ ಅದೇ. ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿಯ ತೊಟ್ಟನ್ನು ಅದರಿಂದ ನೋಡುತ್ತ ನಿಂತು, ಇವರು ಹುಳ ಹುಡುಕುತ್ತಿದ್ದಾರೆಂದು ತಿಳಿದ ಮಾರುವಾಕೆಯಿಂದ ಬೈಸಿಕೊಂಡಿದ್ದರು. ಹುಳ ಸಿಕ್ಕಿದ್ದರೆ ಹೆಚ್ಚಿಗೆ ದುಡ್ಡು ಕೊಟ್ಟು ಒಯ್ಯುವ ಗಿರಾಕಿ ಇವರೆಂದು ಆಕೆಗೇನು ಗೊತ್ತು.

ನನ್ನನ್ನು ಅವರು ಪಂಡಿತರೇ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು ಎಂಬುದನ್ನು ನಾನು ವಿಚಾರಿಸಲು ಹೋಗಿರಲಿಲ್ಲ.

ಪಾಠ ಮಾತ್ರ ಬಹಳ ಚೆನ್ನಾಗಿ ಮಾಡುತ್ತಿದ್ದರು. ಬಟಾಣಿ ಗಿಡದ ಎತ್ತರ, ಗಿಡ್ಡ, ಹಳದಿ ಕಾಳು, ಹಸಿರು ಕಾಳು ಎಂದು ಅನುವಂಶೀಯತೆಯ ಪಾಠ ಶುರುವಾದರೆ ಪಕ್ಕದ ಕ್ಲಾಸಿನಲ್ಲಿ ಹಳಗನ್ನಡ ಹೇಳುತ್ತಿದ್ದ ನನ್ನ ಹುಡುಗರ ಕಿವಿಯೂ ಅತ್ತಲೇ ಇರುತ್ತಿತ್ತು. ಆ ಪಾಠ ಮುಗಿದ ಮೇಲೆ ಮುಂದಿನದು, ಜೀವಕೋಶದೊಳಗಿನ ಡಿಎನ್‌ಎ ಬರಹದಿಂದ ಪ್ರೋಟೀನು ಹೇಗೆ ತಯಾರಾಗುತ್ತದೆ ಎಂಬುದು. ಆ ಪಾಠ ಬರುವ ಹೊತ್ತಿಗೆ ಸರಿಯಾಗಿ ಪ್ರತಿ ವರ್ಷ ಹಂಪಿಗೆ ಟ್ರಿಪ್ಪು ಇರುತ್ತಿತ್ತು. ಎರಡು ದಿನ ಟ್ರಿಪ್ಪು, ಒಂದು ದಿನ ಟ್ರಿಪ್ಪಿನ ವರದಿ ಬರೆಸುವುದು, ಆಮೇಲೆ ಎರಡು ದಿನ ಅವರಿಗೆ ನೆಗಡಿ. ನೆಗಡಿ ಇಳಿಯುವ ಹೊತ್ತಿಗೆ ಪಾಠ ಮುಗಿದಿದೆ ಎಂದಾಗಿ ಮುಂದಿನ ಪಾಠಕ್ಕೆ ಹೋಗಿಬಿಡುತ್ತಿದ್ದರು. ಹುಡುಗರನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕೆಂದು ನನ್ನನ್ನೂ ಕರೆದೊಯ್ಯುತ್ತಿದ್ದರು. ಹದಿನೈದಕ್ಕೂ ಹೆಚ್ಚು ವರ್ಷ ನಾನು ಆ ಟ್ರಿಪ್ಪಿಗೆ ಹೋಗಿದ್ದೇನೆ. ಬಂಡೆ ಸಂದಿನ ಜರಿಗಿಡ, ಮಂಟಪದ ಕಂಬಕ್ಕೆ ಹತ್ತಿದ ಕಲ್ಲುಹೂವು, ಕಮಲಾಪುರದ ಬಾಳೆತೋಟ ಎಲ್ಲ ನೋಡಿದ್ದೇನೆ. ಇದರ ಹಿಂದೆ ಇಂಥದ್ದೊಂದು ಹಂಚಿಕೆ ಇದೆ ಎಂದು ನನಗೆ ಒಂದು ದಿನವೂ ಅನ್ನಿಸಲಿಲ್ಲ.

ಅವರ ನಿವೃತ್ತಿಗೆ ಒಂದು ವರ್ಷ ಇದ್ದಾಗ ಎಮ್ಮಿಗನೂರಿನ ಒಬ್ಬ ಹುಡುಗಿ ಅವರ ತರಗತಿಯಲ್ಲಿದ್ದಳು. ತಂದೆ ತಾಯಿ ಇಬ್ಬರೂ ಗದ್ದೆ ಕೆಲಸಕ್ಕೆ ಹೋಗುವವರು. ದಿನವೂ ಕಂಪ್ಲಿ ಮೇಲೆ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಟ್ರಿಪ್ಪಿನ ದಿನ ಹಂಪಿ ಬಜಾರಿನ ಒಂದು ಮಂಟಪದ ನೆರಳಲ್ಲಿ ಎಲ್ಲರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಆಕೆ ಊಟ ಬಿಟ್ಟು ಎದ್ದು ಬಂದು ಒಂದು ಪ್ರಶ್ನೆ ಕೇಳಿದಳು. ಡಿಎನ್‌ಎ ಕೋಶಕೇಂದ್ರದ ಒಳಗಿರುತ್ತದೆ, ಪ್ರೋಟೀನು ತಯಾರಾಗುವುದು ಅದರ ಹೊರಗೆ. ಹಾಗಾದರೆ ಒಳಗೆ ಬರೆದದ್ದು ಹೊರಗಿನವರಿಗೆ ತಿಳಿಯುವುದು ಹೇಗೆ?

ಸರ್ ಅದು ಡಿಗ್ರಿಯಲ್ಲಿ ಬರುತ್ತದೆ ಎಂದರು. ಹುಡುಗಿ, ನಮ್ಮ ಪುಸ್ತಕದಲ್ಲೇ ಇದೆ, ಮೂರು ಸಲ ಓದಿದೆ, ತಿಳಿಯಲಿಲ್ಲ ಎಂದಳು. ಸರ್ ಕಂಬದ ಕಲ್ಲುಹೂವಿನ ಕಡೆ ಕೈ ತೋರಿಸಿ ಏನೋ ಹೇಳಲು ಹೋದರು. ಆಕೆ ಅದನ್ನೂ ನೋಡಿ, ತಲೆಯಾಡಿಸಿ, ಮತ್ತೆ ಅಲ್ಲಿಯೇ ನಿಂತಳು. ಟ್ಯೂಷನ್ನಿನಲ್ಲಿ ಕೇಳು ಎಂದರು. ತಾನು ಟ್ಯೂಷನ್ನಿಗೆ ಹೋಗುವುದಿಲ್ಲ ಎಂದಳು.

ಅದನ್ನು ಆಕೆ ದೂರುವ ಹಾಗೆ ಹೇಳಲಿಲ್ಲ. ಆದರೂ ಸರ್ ಮುಖ ಇಳಿದುಹೋಯಿತು. ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ನನಗ ಬರಂಗಿಲ್ಲವ್ವಾ. ಆ ಪಾಠ ನನಗ ಎಂದೂ ಬಂದಿಲ್ಲ. ಅದಕ್ಕ ಪ್ರತಿ ವರ್ಷ ಹಂಪಿಗೆ ಬರ್ತೀನಿ."

ನಲವತ್ತು ಮಂದಿ ತುತ್ತು ಕೈಯಲ್ಲಿ ಹಿಡಿದು ಹಾಗೆಯೇ ಕೂತರು. ಆ ಮೌನ ನೋಡಿ ಇದೇ ಸಮಯವೆಂದು ತಿಳಿದ ಒಂದು ಮಂಗ ನಿಧಾನವಾಗಿ ನಡೆದು ಬಂದು, ಸರ್ ಮುಂದಿನ ಡಬ್ಬಿಯಿಂದ ಚಪಾತಿಯನ್ನು ಒಂದೊಂದಾಗಿ ತೆಗೆದುಕೊಂಡು ಹೋಯಿತು. ನಗಬಾರದೆಂದು ನಾವೆಲ್ಲ ತುಟಿ ಕಚ್ಚಿಕೊಂಡಿದ್ದೆವು. ಮೊದಲು ನಕ್ಕವರು ಸರ್. ಆಮೇಲೆ ಆ ಹುಡುಗಿಗೆ, ಒಂದು ವಾರ ಸಮಯ ಕೊಡು ಎಂದು ಕೇಳಿಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ನನಗೆ ಎಲ್ಲ ಹೇಳಿದರು. ಅವರು ಡಿಗ್ರಿ ಓದುವಾಗ ಅವರ ಮೇಷ್ಟ್ರು, ಇದನ್ನು ನೀವೇ ಓದಿಕೊಳ್ಳಿ ಎಂದು ಬಿಟ್ಟಿದ್ದರಂತೆ. ಇವರು ಉರು ಹೊಡೆದು ಪಾಸಾದರು. ಕೆಲಸಕ್ಕೆ ಸೇರಿ ಮೊದಲ ಸಲ ಆ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ಏನೋ ಕೇಳಿದ. ಉತ್ತರ ಬಾರದೆ ಅವನನ್ನೇ ಗದರಿಸಿ ಕೂರಿಸಿದರು. ಮರುವರ್ಷದಿಂದ ಟ್ರಿಪ್ಪು ಶುರುವಾಯಿತು. ಟ್ಯೂಷನ್ನಿಗೆ ಹೋಗುವವರು ಅಲ್ಲಿ ಕಲಿಯುತ್ತಾರೆ, ಹೋಗದವರು ಚಾಯ್ಸಿನಲ್ಲಿ ಬಿಡುತ್ತಾರೆ ಎಂದು ಸಮಾಧಾನ ಮಾಡಿಕೊಂಡಿದ್ದರು. ಹೋಗದವರು ಯಾಕೆ ಹೋಗುವುದಿಲ್ಲ ಎಂದು ಯೋಚಿಸಲಿಲ್ಲವಲ್ಲ ಎಂದು ಕಿಟಕಿ ಕಡೆ ನೋಡುತ್ತ ಹೇಳಿದರು. ನಾನು ಬಾಳೆಹಣ್ಣು ಸುಲಿದು ಕೊಟ್ಟೆ. ಅವರ ಊಟ ಆಗಿರಲಿಲ್ಲ.

ಆ ಒಂದು ವಾರ ಅವರ ಮನೆಯಲ್ಲಿ ಹಾಲು ಎಷ್ಟು ಸಲ ಉಕ್ಕಿತು ಎಂಬುದನ್ನು ಅವರ ಹೆಂಡತಿ ಲೆಕ್ಕ ಇಟ್ಟಿದ್ದರು. ಹಾಲು ನೋಡಿಕೊಳ್ಳಿ ಎಂದು ಒಲೆ ಮುಂದೆ ನಿಲ್ಲಿಸಿದರೆ ಇವರು ಬಲಗೈಯ ಮೂರು ಬೆರಳನ್ನು ಎಡಗೈಯ ಮೂರು ಬೆರಳಿಗೆ ಹೊಂದಿಸುತ್ತ ನಿಂತಿರುತ್ತಿದ್ದರಂತೆ. ಆ ಬೆರಳು ಹೊಂದಿಸುವುದು ಆಮೇಲೆ ಅವರಿಗೆ ಅಭ್ಯಾಸವೇ ಆಯಿತು. ಸ್ಕೂಟರ್ ಓಡಿಸುವಾಗಲೂ ಎರಡೂ ಕೈ ಬಿಟ್ಟು ತೋರಿಸಲು ಹೋಗಿ, ತುಂಗಭದ್ರಾ ಕಾಲುವೆಯ ದಂಡೆಯ ಮೇಲೆ ನಮ್ಮಿಬ್ಬರನ್ನೂ ಜಾಲಿಕಂಟಿಗೆ ಕೆಡವಿದರು. ಮುಳ್ಳು ಕೀಳುತ್ತ ಕೂತಾಗಲೂ ಅವರು ಆ ಜಾಲಿಯ ಕುಟುಂಬ ಯಾವುದೆಂದು ಹೇಳುವುದನ್ನು ಬಿಡಲಿಲ್ಲ.

ಕಲಿತದ್ದನ್ನು ಅವರು ಮೊದಲು ಹೇಳಿ ನೋಡಿದ್ದು ಇಬ್ಬರಿಗೆ. ಒಬ್ಬಳು ಆ ಎಮ್ಮಿಗನೂರಿನ ಹುಡುಗಿ, ಇನ್ನೊಬ್ಬ ನಾನು. ಆಕೆ ಜಾಣೆ ಎಂದು, ನಾನು ದಡ್ಡ ಎಂದು. ಪಂಡಿತರಿಗೆ ತಿಳಿದರೆ ಹೊಸಪೇಟೆಯಲ್ಲಿ ತಿಳಿಯದವರು ಯಾರೂ ಉಳಿಯುವುದಿಲ್ಲ ಎಂದು ಅವರು ನನ್ನೆದುರಿಗೇ ಹೇಳಿದರು. ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲಿ ಪಾಠ. ಹುಡುಗಿ ಎರಡನೇ ದಿನವೇ ದಾಟಿಹೋದಳು. ನಾನು ಉಳಿದೆ.

ನನ್ನ ತೊಂದರೆ ಏನೆಂದರೆ, ಯಾವುದನ್ನೇ ಆಗಲಿ ಇನ್ನೊಂದಕ್ಕೆ ಹೋಲಿಸದಿದ್ದರೆ ನನಗೆ ಅರ್ಥವಾಗುವುದಿಲ್ಲ. ಜೀವನವೆಲ್ಲ ಉಪಮೆ, ರೂಪಕ ಎಂದು ಪಾಠ ಹೇಳಿದವನು. ಸರ್‌ಗೆ ಹೋಲಿಕೆ ಎಂದರೆ ಆಗದು. ನಾನು, ಅಂದರೆ ಇದು ಮಠದ ಪೆಟ್ಟಿಗೆಯಲ್ಲಿರುವ ತಾಳೆಗರಿ, ಹೊರಗೆ ಒಯ್ಯುವಂತಿಲ್ಲ, ಒಬ್ಬ ಒಳಗೆ ಕೂತು ನಕಲು ಮಾಡಿಕೊಂಡು ಬರುತ್ತಾನೆ ಎಂದೆ. ನಕಲು ಮಾಡುವವನಿಗೆ ಓದಲು ಬರುತ್ತದೆಯೇ ಎಂದು ಕೇಳಿದರು. ಬರಲೇಬೇಕಲ್ಲ ಎಂದೆ.

"ಅಲ್ಲೇ ನೀವು ತಪ್ಪಿದ್ದು ನೋಡ್ರಿ. ಅಲ್ಲಿ ಯಾರಿಗೂ ಓದಾಕ ಬರಂಗಿಲ್ಲ. ಹೊಂದಿದ್ದು ಅಂಟ್ಕಂತೈತಿ, ಹೊಂದದ್ದು ಬಿಟ್ಟು ಹೋಗತೈತಿ. ಅಷ್ಟ."

ಅಷ್ಟೇ ಎಂದ ಆ ಮಾತು ಮುಗಿಯಲು ನಾಲ್ಕು ಸಂಜೆ ಹಿಡಿಯಿತು. ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳ ಎರಡು ಎಳೆ. ಯಾವ ಪ್ರೋಟೀನು ಬೇಕೋ ಆ ಜಾಗದಲ್ಲಿ ಎಳೆ ಬಿಚ್ಚಿಕೊಳ್ಳುತ್ತದೆ. ಒಂದು ಎಳೆಗೆ ಹೊಂದುವ ಅಕ್ಷರಗಳು ಬಂದು ಸಾಲುಗಟ್ಟಿ ಆರ್‌ಎನ್‌ಎ ಎಂಬ ನಕಲಾಗುತ್ತದೆ. ಆ ನಕಲಿನಲ್ಲಿ ಬೇಡದ ತುಂಡುಗಳನ್ನು ಕತ್ತರಿಸಿ ತೆಗೆದು, ಬೇಕಾದ ತುಂಡುಗಳನ್ನು ಜೋಡಿಸಿದ ಮೇಲೆ ಅದು ಕೋಶಕೇಂದ್ರದ ರಂಧ್ರದಿಂದ ಹೊರಗೆ ಬರುತ್ತದೆ. ಹೊರಗೆ ರೈಬೋಸೋಮು ಅದನ್ನು ಕಚ್ಚಿ ಹಿಡಿಯುತ್ತದೆ. ಆ ನಕಲಿನ ಮೂರು ಮೂರು ಅಕ್ಷರಕ್ಕೆ ಹೊಂದುವ ಮೂರು ಅಕ್ಷರ ಒಂದು ತುದಿಯಲ್ಲಿ, ಒಂದು ಅಮೈನೋ ಆಮ್ಲ ಇನ್ನೊಂದು ತುದಿಯಲ್ಲಿ ಇರುವ ಸಣ್ಣ ಆರ್‌ಎನ್‌ಎಗಳು ಸುತ್ತ ಈಜಾಡುತ್ತಿರುತ್ತವೆ. ಡಿಕ್ಕಿ ಹೊಡೆಯುತ್ತವೆ, ಹೊಂದದೆ ಹೋಗುತ್ತವೆ, ಇನ್ನೊಂದು ಬರುತ್ತದೆ. ಹೊಂದಿದ್ದು ತನ್ನ ಅಮೈನೋ ಆಮ್ಲವನ್ನು ಸರಪಳಿಗೆ ಕೊಟ್ಟು ಬಿಟ್ಟುಹೋಗುತ್ತದೆ. ಸಾಕು ಎನ್ನುವ ಮೂರು ಅಕ್ಷರ ಬಂದಾಗ ಸರಪಳಿ ಕಳಚಿಕೊಂಡು ಮಡಚಿಕೊಳ್ಳುತ್ತದೆ. ಅದೇ ಪ್ರೋಟೀನು. ಇದು ಈ ಸಾಲು ಓದುವಷ್ಟರಲ್ಲಿ ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಸಲ ನಡೆದಿರುತ್ತದೆ. ಕೊನೆಗೆ ನನಗೂ ತಿಳಿಯಿತು. ನಾನು ತಪ್ಪಿಲ್ಲದೆ ಒಪ್ಪಿಸಿದ ದಿನ ಅವರು ಎದ್ದು ಬಂದು ಕೈ ಕುಲುಕಿದರು. ಮರುದಿನ ತರಗತಿಯಲ್ಲಿ ಅವರು ಮಾಡಿದ ಪಾಠವನ್ನು ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಬಟಾಣಿಯ ಪಾಠಕ್ಕಿಂತ ಚೆನ್ನಾಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಿವೃತ್ತಿಯ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲ ತೆಗೆದುಕೊಂಡ ಮೇಲೆ, ಎರಡು ಮಾತು ಎಂದು ಎದ್ದವರು ಇಷ್ಟು ವರ್ಷ ಒಂದು ಪಾಠ ಬಿಟ್ಟಿದ್ದನ್ನು ಮೈಕಿನಲ್ಲಿ ಹೇಳಿಬಿಟ್ಟರು. ಪ್ರಿನ್ಸಿಪಾಲರಿಗೆ ಕೆಮ್ಮು ಬಂತು. ಯಾರಿಗೆ ಬಿಟ್ಟಿದ್ದೇನೋ ಅವರ ಮನೆಗೇ ಹೋಗಿ ಆ ಪಾಠ ಹೇಳಿ ಬರುತ್ತೇನೆ ಎಂದು ಸರ್ ಮಾತು ಮುಗಿಸಿದರು. ಎಲ್ಲರೂ ತಮಾಷೆ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಮುಂದಿನ ಭಾನುವಾರ ಬೆಳಿಗ್ಗೆ ಅವರು ನನ್ನ ಮನೆ ಮುಂದೆ ಸ್ಕೂಟರ್ ನಿಲ್ಲಿಸಿದ್ದರು. ಹಳೆಯ ಹಾಜರಿ ಪುಸ್ತಕಗಳಿಂದ ಬರೆದುಕೊಂಡ ಹೆಸರುಗಳ ಒಂದು ಉದ್ದ ನೋಟ್‌ಬುಕ್ಕು ಕೈಯಲ್ಲಿತ್ತು. ಟ್ಯೂಷನ್ನಿಗೆ ಹೋಗುತ್ತಿದ್ದವರನ್ನು ಬಿಟ್ಟಿದ್ದರು. ಯಾರು ಹೋಗುತ್ತಿದ್ದರು, ಯಾರು ಇಲ್ಲ ಎಂಬುದು ಅವರಿಗೆ ಒಬ್ಬೊಬ್ಬರದೂ ನೆನಪಿತ್ತು.

ಇದಕ್ಕೆ ನಾನು ಯಾಕೆ ಬೇಕು ಎಂದು ಕೇಳಿದೆ. ತಾವು ತಪ್ಪಿದರೆ ತಿದ್ದಲು ಒಬ್ಬರು ಬೇಕು ಎಂದರು. ಆ ಮಾತಿಗೆ ಉಬ್ಬಿ ನಾನು ಹಿಂದೆ ಹತ್ತಿ ಕೂತೆ. ಅಲ್ಲಿಂದ ಒಂದು ವರ್ಷ ನನ್ನ ಭಾನುವಾರಗಳು ನನ್ನವಾಗಿ ಉಳಿಯಲಿಲ್ಲ.

ಸಂಡೂರಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಅದಿರಿನ ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದ. ಹೆಲ್ಮೆಟ್ಟು ಹಾಕಿಕೊಂಡು ಬಂದವನು ಸರ್ ಕಾಲು ಮುಟ್ಟಿ, ಮಗಳ ಮದುವೆಯೇ, ಯಾರಿಗಾದರೂ ನೌಕರಿ ಬೇಕೇ ಎಂದು ವಿಚಾರಿಸಿದ. ಸರ್, ನಿನಗೊಂದು ಪಾಠ ಹೇಳುವುದಿದೆ ಎಂದರು. ಆತ ತನ್ನಿಂದ ಏನೋ ತಪ್ಪಾಗಿದೆ ಎಂದು ತಿಳಿದು ಹೆಲ್ಮೆಟ್ಟು ತೆಗೆದು ತಲೆ ತಗ್ಗಿಸಿ ನಿಂತ. ಕ್ಯಾಂಟೀನಿನ ಗೋಡೆಗೆ ಒಂದು ಹಲಗೆ ಆನಿಸಿ ಪಾಠ ಶುರುವಾಯಿತು. ಒಗ್ಗರಣಿ ಮಿರ್ಚಿ ತಿನ್ನಲು ಬಂದಿದ್ದ ಲಾರಿ ಡ್ರೈವರುಗಳು ತಟ್ಟೆ ಹಿಡಿದು ಸುತ್ತ ಕೂತರು. ಸೂಪರ್‌ವೈಸರ್‌ಗೆ ಬೇಗ ತಿಳಿಯಿತು. ಆದರೆ ತಿಳಿದ ಕೂಡಲೇ, ಅಂದರೆ ಪರ್ಮಿಟ್ಟಿನ ಮೂಲ ಆಫೀಸಿನಲ್ಲಿ, ಲಾರಿ ಜೊತೆ ನಕಲು ಎಂದು ಹೇಳಿ ಸರ್ ಕೈಯಲ್ಲಿ ಬೈಸಿಕೊಂಡ. ಜೀವಕೋಶ ಎಂದರೆ ಜೀವಕೋಶ, ಅದು ಲಾರಿ ಅಲ್ಲ ಎಂದರು. ನನಗೆ ಒಳಗೊಳಗೆ ಸಂತೋಷವಾಯಿತು.

ಆಗ ಒಬ್ಬ ಡ್ರೈವರು ಮಿರ್ಚಿ ಕಚ್ಚುತ್ತ, ಇಷ್ಟೆಲ್ಲ ನಡೆಯುತ್ತದಲ್ಲ, ಅಲ್ಲಿ ಓನರ್ ಯಾರು ಎಂದು ಕೇಳಿದ. ಸರ್ ಮುಖ ಅರಳಿತು. ಅದನ್ನೇ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದರೇನೋ. ಓನರ್ ಇಲ್ಲ, ಮೇಸ್ತ್ರಿ ಇಲ್ಲ, ಹೇಳುವವರೂ ಇಲ್ಲ, ಕೇಳುವವರೂ ಇಲ್ಲ ಎಂದರು. ಡ್ರೈವರು ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದ.

"ಓನರ್ ಇಲ್ದ ಇಷ್ಟು ಕೆಲಸ ಆಕೈತೇನ್ರೀ ಸಾರ್. ನಮ್ಮ ಕಡಿ ಓನರ್ ಇದ್ದೂ ಆಗವಲ್ದು."

ಸೂಪರ್‌ವೈಸರ್ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡ. ನೋಟ್‌ಬುಕ್ಕಿನಲ್ಲಿ ಆತನ ಹೆಸರಿನ ಮುಂದೆ ಸರ್ ಒಂದು ಗುರುತು ಹಾಕಿದರು. ವಾಪಸ್ ಬರುವಾಗ ಇಬ್ಬರ ಬಿಳಿ ಅಂಗಿಗಳೂ ಅದಿರಿನ ದೂಳಿಗೆ ಕೆಂಪಾಗಿದ್ದವು. ನನ್ನ ಹೆಂಡತಿ ಅದನ್ನು ನೆನೆಹಾಕುತ್ತ, ಈ ಸರ್‌ಗೆ ರಿಟೈರ್ ಆಗಿದ್ದು ಯಾರೂ ತಿಳಿಸಿ ಹೇಳಿಲ್ಲವೇ ಎಂದಳು.

ಕಂಪ್ಲಿಯ ವಿದ್ಯಾರ್ಥಿ ಈಗ ಅಕ್ಕಿ ಗಿರಣಿಯ ಮಾಲೀಕ. ದೊಡ್ಡ ಆಳು, ಕುರ್ಚಿಯಲ್ಲಿ ಕೂತರೆ ಕುರ್ಚಿ ಕಾಣುತ್ತಿರಲಿಲ್ಲ. ಬರ್ರಿ, ಕುಂದ್ರಿ ಎಂದು ಭಾರಿ ಉಪಚಾರ ಮಾಡಿದ. ಊಟವಾದ ಮೇಲೆ ಪಾಠ ಶುರುವಾಯಿತು. ನಕಲು ರಂಧ್ರದಿಂದ ಹೊರಗೆ ಬರುವಷ್ಟರಲ್ಲಿ ಆತನಿಗೆ ನಿದ್ದೆ ಹತ್ತಿತ್ತು. ಸರ್ ಎರಡು ಸಲ ಎಬ್ಬಿಸಿದರು. ಮೂರನೇ ಸಲ ಎಬ್ಬಿಸಲು ಹೋದಾಗ, ಬಾಗಿಲ ಬಳಿ ಕೂತು ಅಕ್ಕಿ ಆರಿಸುತ್ತಿದ್ದ ಆತನ ತಾಯಿ, ಅವನನ್ನು ಬಿಡಿ ಮೇಷ್ಟ್ರೇ, ನನಗೆ ಹೇಳಿ ಎಂದರು. ಎಂಬತ್ತು ದಾಟಿದ ಅಜ್ಜಿ. ಮೊರ ಬದಿಗಿಟ್ಟು ಪೂರ್ತಿ ಕೇಳಿದರು. ಕೇಳಿ, ಇದು ತಾನು ಕೂತಾಗಲೂ ನಡೆಯುತ್ತದೆಯೇ ಎಂದು ವಿಚಾರಿಸಿದರು. ಹೌದು, ಕೂತಾಗಲೂ, ಮಲಗಿದಾಗಲೂ, ಕಣ್ಣು ಮಿಟುಕಿಸುವಷ್ಟು ಹೊತ್ತೂ ಬಿಡುವಿಲ್ಲದೆ ನಡೆಯುತ್ತದೆ ಎಂದರು ಸರ್. ಅಜ್ಜಿ ಒಳಗಿನ ಕೋಣೆಯ ಕಡೆ ತಿರುಗಿ ಸೊಸೆಗೆ ಕೇಳುವ ಹಾಗೆ ದನಿ ಎತ್ತಿದರು.

"ಕೇಳಿದೆಯಾ ಬೇ. ಮುದುಕಿ ಸುಮ್ನ ಕುಂತಾಳ ಅಂತೀಯಲ್ಲ. ನಾನು ಸುಮ್ನ ಕುಂತಿಲ್ಲ ಅಂತ ಮೇಷ್ಟ್ರು ಬಂದು ಹೇಳ್ಯಾರ."

ಆ ಮನೆಯಲ್ಲಿ ಆಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ನಮಗೆ ಮಾತ್ರ ಸೊಸೆಯ ಕೈಯಿಂದ ಎರಡನೇ ಸಲ ಮಜ್ಜಿಗೆ ಬರಲಿಲ್ಲ. ಸರ್ ಬಹಳ ಹೊತ್ತು ಯೋಚಿಸಿ ಆ ಹೆಸರಿನ ಮುಂದೆ ಅರ್ಧ ಗುರುತು ಹಾಕಿದರು.

ಹೀಗೆ ನಗುತ್ತಲೇ ನೋಟ್‌ಬುಕ್ಕಿನ ಮೂರು ಪುಟ ಮುಗಿಸಿದ್ದೆವು. ನಾಲ್ಕನೇ ಪುಟದಲ್ಲಿ ಹೊಸಪೇಟೆಯಲ್ಲೇ ಇರುವ ಒಬ್ಬ ಹೆಣ್ಣುಮಗಳ ಹೆಸರಿತ್ತು. ಕಾಲುವೆ ಹತ್ತಿರದ ಒಂದು ಓಣಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ. ಬ್ಲೌಸಿಗೆ ಗುಂಡುಸೂಜಿ ಚುಚ್ಚುತ್ತ, ಉಳಿದ ಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಆಕೆ ಸುಮ್ಮನೆ ಕೇಳುತ್ತಿದ್ದಳು. ಸರ್ ಎಂದಿನಂತೆ ತಮ್ಮ ತಪ್ಪು ಹೇಳಿಕೊಂಡು ಪಾಠ ಶುರು ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಆಕೆ ಸೂಜಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಇದು ತನಗೆ ಗೊತ್ತಿದೆ ಎಂದಳು. ಎದ್ದು ಒಂದು ದಪ್ಪ ಫೈಲು ತಂದು ಸರ್ ತೊಡೆಯ ಮೇಲೆ ಇಟ್ಟಳು. ಬಾಗಿಲ ಹಿಂದಿನಿಂದ ಆರೇಳು ವರ್ಷದ, ಮುಖ ಬಿಳಿಚಿಕೊಂಡಿದ್ದ ಒಬ್ಬ ಹುಡುಗಿ ನಮ್ಮನ್ನು ನೋಡುತ್ತಿದ್ದಳು.

ಮಗಳಿಗೆ ಥಲಸೀಮಿಯಾ. ಮೂರು ವಾರಕ್ಕೊಮ್ಮೆ ಬಳ್ಳಾರಿಗೆ ಒಯ್ದು ರಕ್ತ ಹಾಕಿಸಿಕೊಂಡು ಬರಬೇಕು.

"ಹಿಮೋಗ್ಲೋಬಿನ್ ಅನ್ನೋದು ಒಂದು ಪ್ರೋಟೀನ್ ಹೌದಲ್ರೀ ಸರ್. ಅದರ ಬರಹದಾಗ ಒಂದು ಅಕ್ಷರ ತಪ್ಪೈತ್ರಿ. ನಕಲು ಹೊರಗ ಬರೋ ಮುಂದ ಎಲ್ಲಿ ಕತ್ತರಿಸಬೇಕೋ ಅಲ್ಲಿ ಕತ್ತರಿಸಂಗಿಲ್ಲ. ಅದಕ್ಕ ಆ ಪ್ರೋಟೀನ್ ಸಾಕಷ್ಟು ಆಗಂಗಿಲ್ಲ. ನನ್ನ ಹತ್ರ ಒಂದು ತಪ್ಪು ಪ್ರತಿ, ಅವರಪ್ಪನ ಹತ್ರ ಒಂದು. ನಾವಿಬ್ರೂ ಚಲೋ ಅದೀವಿ. ಇಕಿಗೆ ಎರಡೂ ತಪ್ಪಿದ್ವ ಬಂದ್ವು."

ಕತ್ತರಿ ಹಿಡಿದು ಬದುಕುವ ಹೆಣ್ಣುಮಗಳ ಬಾಯಿಂದ ಆ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಎರಡು ವರ್ಷ ಗಂಡನ ಮನೆಯವರು, ಇವಳ ರಕ್ತವೇ ಸರಿ ಇಲ್ಲ ಎಂದು ಆಡಿಕೊಂಡರಂತೆ. ತಾನೂ ಹಾಗೇ ನಂಬಿದ್ದಳಂತೆ. ಆಮೇಲೆ ಒಂದು ದಿನ ಕಾಲೇಜಿನ ಬಟಾಣಿ ಪಾಠ ನೆನಪಾಯಿತು. ಎರಡೂ ಕಡೆಯಿಂದ ಬರದಿದ್ದರೆ ಇದು ಕಾಣಿಸಿಕೊಳ್ಳುವುದಿಲ್ಲ, ನಿಮ್ಮ ಮಗನ ರಕ್ತವನ್ನೂ ಪರೀಕ್ಷೆ ಮಾಡಿಸಿ ಎಂದು ಅತ್ತೆಯ ಮುಂದೆ ನಿಂತು ಹೇಳಿದಳು. ಪರೀಕ್ಷೆ ಆಯಿತು. ಅಂದಿನಿಂದ ಆ ಮಾತು ನಿಂತಿತು. ಬಟಾಣಿ ಪಾಠ ನೀವು ಬಹಳ ಚೆನ್ನಾಗಿ ಮಾಡಿದ್ದಿರಿ ಸರ್ ಎಂದಳು.

ಸರ್ ಫೈಲು ಮುಚ್ಚಿ, ಈ ಇನ್ನೊಂದು ಪಾಠವನ್ನೂ ಆಗಲೇ ಮಾಡಿದ್ದರೆ ಎಂದು ಕೇಳಿದರು. ಆಕೆ ಅವರಿಗೆ ಸಮಾಧಾನವಾಗಲಿ ಎಂದು ಸುಳ್ಳು ಹೇಳಲಿಲ್ಲ.

"ಮಗಳಿಗೆ ಬರೋದು ಬಂದ ಬರ್ತಿತ್ರಿ. ಆದ್ರ ಮೊದಲ ಸಲ ಡಾಕ್ಟರ್ ಮುಂದ ಕುಂತಾಗ ಅವರು ಹೇಳಿದ್ದು ಒಂದೂ ತಿಳಿಲಿಲ್ರಿ. ತಿಳೀತು ಅಂತ ತಲಿ ಆಡಿಸಿ ಹೊರಗ ಬಂದು ಅತ್ತಿದ್ದೆ. ಅದೊಂದು ತಪ್ತಿತ್ತು."

ಸರ್ ಜೇಬಿನಿಂದ ಪೆನ್ನು ತೆಗೆದರು. ಆ ರೋಗದ ವಿಷಯ ಪುಸ್ತಕದಲ್ಲಿ ಓದಿದ್ದು ಅಷ್ಟೇ ಗೊತ್ತು, ಮೊದಲಿನಿಂದ ನಿಧಾನವಾಗಿ ಹೇಳು ಎಂದು ಆಕೆಯನ್ನು ಕೇಳಿಕೊಂಡರು. ಆಕೆ ಹೇಳಿದಳು, ಅವರು ಬರೆದುಕೊಂಡರು. ಆ ದಿನ ಪಾಠ ಹೇಳಿದ್ದು ಆಕೆ. ಹೊರಡುವಾಗ ನೋಟ್‌ಬುಕ್ಕಿನಲ್ಲಿ ಗುರುತು ಹಾಕಲಿಲ್ಲ.

ವಾಪಸ್ ಬರುವಾಗ ಸ್ಕೂಟರಿನ ಹ್ಯಾಂಡಲ್ಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು. ಕಾಲುವೆ ದಾಟಿದ ಮೇಲೆ ಗಾಡಿ ನಿಲ್ಲಿಸಿ ಹಿಂದೆ ತಿರುಗಿದರು.

"ಪಂಡಿತರೇ, ನಿಮ್ಮ ರಕ್ತದ ಗುಂಪು ಯಾವುದು?"

ನನಗೆ ಗೊತ್ತಿರಲಿಲ್ಲ. ಆ ಹುಡುಗಿಯದು ಬಿ ಪಾಸಿಟಿವ್ ಎಂದು ಫೈಲಿನಲ್ಲಿ ನೋಡಿಕೊಂಡಿದ್ದರು. ಮರುವಾರದಿಂದ ನೋಟ್‌ಬುಕ್ಕಿನಲ್ಲಿ ಹೆಸರುಗಳ ಮುಂದೆ ಇನ್ನೊಂದು ಗೀಟು ಎಳೆದು, ಹೋದ ಊರುಗಳಿಗೆಲ್ಲ ಮತ್ತೆ ಹೊರಟೆವು. ಈ ಸಲ ಪಾಠ ಇರಲಿಲ್ಲ. ಬಿ ಪಾಸಿಟಿವ್ ಇದ್ದವರು ಎಲ್ಲೆಲ್ಲಿ ಇದ್ದಾರೆ, ಯಾರು ಯಾವ ತಿಂಗಳು ಬಳ್ಳಾರಿಗೆ ಬಂದು ರಕ್ತ ಕೊಡಬಲ್ಲರು ಎಂಬುದೊಂದೇ ಮಾತು. ಜನ ಇದಕ್ಕೆ ಪಾಠಕ್ಕಿಂತ ಬೇಗ ಒಪ್ಪಿಕೊಂಡರು. ಮತ್ತೆ ಪಾಠ ಹೇಳುವುದಿಲ್ಲವೆಂದು ಖಾತ್ರಿಯಾದದ್ದಕ್ಕೂ ಇರಬಹುದು. ಸಂಡೂರಿನ ಸೂಪರ್‌ವೈಸರ್ ಪಾಳಿ ಮುಗಿದ ಮೇಲೆ ಮೂವರು ಡ್ರೈವರುಗಳನ್ನು ಕರೆದುಕೊಂಡು ಬಂದ. ಕಂಪ್ಲಿಯ ಗಿರಣಿ ಮಾಲೀಕನೂ ಬಿ ಪಾಸಿಟಿವ್. ನನ್ನ ಮೈಯಲ್ಲಿ ಏನು ಕಡಿಮೆ ಇದೆ, ಎರಡು ಬಾಟಲಿ ತೆಗೆದುಕೊಳ್ಳಲಿ ಎಂದು ಅಂಗಿ ತೋಳು ಮೇಲೆತ್ತಿಕೊಂಡು ಬಂದವನು, ಪಕ್ಕದ ಮಂಚದವನಿಗೆ ಸೂಜಿ ಚುಚ್ಚುವುದನ್ನು ನೋಡಿಯೇ ನೆಲಕ್ಕೆ ಒರಗಿದ. ಅವನನ್ನು ಎತ್ತಿ ಮಲಗಿಸಲು ನಾಲ್ಕು ಮಂದಿ ಬೇಕಾಯಿತು. ಎಚ್ಚರಾದ ಮೇಲೆ ನಾಚಿಕೆಯಿಂದ ಹಟ ಹಿಡಿದು ಮಲಗಿಯೇ ಇದ್ದ. ಒಂದು ತಾಸು ಬಿಟ್ಟು, ಮುಖದ ಮೇಲೆ ಟವೆಲ್ಲು ಹಾಕಿಸಿಕೊಂಡು ಕೊಟ್ಟೇ ಎದ್ದ.

ಮುಂದೆ ನಿಂತು ಇಷ್ಟೆಲ್ಲ ಮಾಡಿಸಿದ ಸರ್ ತಮ್ಮ ಸರದಿ ಬಂತೆಂದು ಹೋದಾಗ ರಕ್ತನಿಧಿಯ ಹುಡುಗಿ ವಯಸ್ಸು ಕೇಳಿದಳು. ಅರವತ್ತೊಂದು ಎಂದರು. ಅರವತ್ತು ದಾಟಿದವರು ಮೊದಲ ಸಲ ಕೊಡುವಂತಿಲ್ಲ ಎಂದಳು. ಸರ್‌ಗೆ ಅದು ಜೀವಶಾಸ್ತ್ರಕ್ಕೇ ಆದ ಅವಮಾನದ ಹಾಗೆ ಕಂಡಿತು. ಕೆಂಪು ರಕ್ತಕಣ ಬದುಕುವುದು ನಾಲ್ಕೇ ತಿಂಗಳು, ಅರವತ್ತೊಂದು ನನಗೆ, ನನ್ನ ರಕ್ತದಲ್ಲಿ ನಾಲ್ಕು ತಿಂಗಳಿಗಿಂತ ಹಳೆಯ ಕಣವೇ ಇಲ್ಲ ಎಂದು ವಾದಕ್ಕೆ ನಿಂತರು. ಹುಡುಗಿ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡಳು.

"ರಕ್ತಕ್ಕ ನಾಕು ತಿಂಗಳ ಇರಬೌದ್ರಿ ಸರ್. ಸೂಜಿ ಚುಚ್ಚೋದು ನಿಮ್ಮ ಅರವತ್ತೊಂದು ವರ್ಷದ ಕೈಗೇ ನೋಡ್ರಿ."

ಇಷ್ಟು ವರ್ಷದಲ್ಲಿ ಅವರು ವಾದದಲ್ಲಿ ಸೋತಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಸೋತವರು ನಿಧಾನವಾಗಿ ನನ್ನ ಕಡೆ ತಿರುಗಿದರು. ಅಷ್ಟರಲ್ಲಿ ನನ್ನದೂ ಬಿ ಪಾಸಿಟಿವ್ ಎಂದು ಗೊತ್ತಾಗಿತ್ತು. ನನಗೆ ಐವತ್ತಮೂರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಮಂಚದ ಕಾಲ ಬಳಿ ನಿಂತು ಅವರು ಆ ಚೀಲಕ್ಕೆ ಏನೇನು ಹೋಗುತ್ತಿದೆ ಎಂದು ವಿವರಿಸುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಆಮೇಲಿನ ವರ್ಷಗಳಲ್ಲಿ ಆ ಹುಡುಗಿಗೆ ರಕ್ತ ಹಾಕುವ ದಿನ ಸರ್ ತಪ್ಪದೆ ಬಳ್ಳಾರಿಗೆ ಹೋಗುತ್ತಿದ್ದರು. ಜೇಬು ತುಂಬ ಎಲೆ, ಹೂವು, ಒಂದೊಂದು ಸಲ ಜೀವಂತ ಹುಳ. ಒಂದು ಕೈಗೆ ರಕ್ತದ ನಳಿಕೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಅವರ ಭೂತಗನ್ನಡಿ ಹಿಡಿದು ಆಕೆ ಎಲ್ಲವನ್ನೂ ನೋಡುತ್ತಿದ್ದಳು. ನರ್ಸುಗಳು ಹುಳ ತರಬೇಡಿ ಎಂದು ಬೈಯುತ್ತಿದ್ದರು. ಒಮ್ಮೆ ಆಕೆ, ಅಜ್ಜಾ, ಆ ತಪ್ಪು ಅಕ್ಷರವನ್ನು ಅಳಿಸಿ ಬರೆಯಲಾಗುವುದಿಲ್ಲವೇ ಎಂದು ಕೇಳಿದಳು. ನಾನೂ ಅಲ್ಲಿದ್ದೆ. ತಾಯಿ ಹೊಲಿಯುತ್ತಿದ್ದ ಗುಂಡಿಯಿಂದ ತಲೆ ಎತ್ತಲಿಲ್ಲ. ಸರ್ ಅವಸರ ಮಾಡದೆ ಉತ್ತರ ಕೊಟ್ಟರು. ದೂರದ ದೇಶಗಳಲ್ಲಿ ಆ ಬರಹವನ್ನು ಮುಟ್ಟಿ ರೋಗ ಇಳಿಸುವುದನ್ನು ಕಲಿತಿದ್ದಾರೆ, ಕೆಲವರಿಗೆ ಗುಣವೂ ಆಗಿದೆ, ನಮ್ಮಂಥವರ ಕೈಗೆ ಅದು ಇನ್ನೂ ಬಂದಿಲ್ಲ, ಬರುವವರೆಗೆ ನೀನು ಗಟ್ಟಿಯಾಗಿರಬೇಕು ಎಂದರು. ಯಾವಾಗ ಬರುತ್ತದೆ ಎಂದಳು. ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವಾಗ ಈಗ ಅವರ ದನಿ ಅಳುಕುತ್ತಿರಲಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ಹಿತ್ತಿಲಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದಾಗ. ಅವರ ಹೆಂಡತಿ ಪೈಪಿನ ಸದ್ದು ನಿಲ್ಲಲಿಲ್ಲವಲ್ಲ ಎಂದು ಹೊರಗೆ ಬಂದು ನೋಡಿದರಂತೆ. ನಾನು ಹೋದಾಗ ಹಿತ್ತಿಲೆಲ್ಲ ನೀರು ನಿಂತಿತ್ತು. ಹನ್ನೊಂದನೇ ದಿನ ಅವರ ಹೆಂಡತಿ ಆ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟರು. ಗುರುತು ಇಲ್ಲದ ಹೆಸರುಗಳು ಇನ್ನೂ ಎರಡು ಪುಟ ಇವೆ. ಅವರ ಮನೆಗಳಿಗೆ ಹೋಗಿ ಪಾಠ ಹೇಳುವ ಧೈರ್ಯ ನನಗಿಲ್ಲ. ಮೂರು ಸಾಲು ಹೇಳುವಷ್ಟರಲ್ಲಿ ಹೋಲಿಕೆ ಬಾಯಿಗೆ ಬಂದುಬಿಡುತ್ತದೆ.

ಹೋದ ವಾರ ನನ್ನ ಸರದಿ ಇತ್ತು. ಬಳ್ಳಾರಿಗೆ ಒಬ್ಬನೇ ಬಸ್ಸಿನಲ್ಲಿ ಹೋದೆ. ರಕ್ತನಿಧಿಯಲ್ಲಿ ಹೊಸದಾಗಿ ಬಂದ ಒಬ್ಬ ಹುಡುಗಿ ಒಂದು ಫಾರ್ಮು ಕೊಟ್ಟು ತುಂಬಿ ಎಂದಳು. ಹೆಸರು, ವಯಸ್ಸು, ರೋಗಿಯ ಹೆಸರು ಎಲ್ಲ ಬರೆದೆ. ಕೆಳಗೆ, ರೋಗಿಗೂ ನಿಮಗೂ ಇರುವ ಸಂಬಂಧ ಎಂದು ಒಂದು ಖಾಲಿ ಗೆರೆ. ಎದುರಿನ ಬೆಂಚಿನಲ್ಲಿ ಹೊಲಿಗೆಯ ಚೀಲ ಇಟ್ಟುಕೊಂಡು ತಾಯಿ ಕೂತಿದ್ದಳು. ಅವಳ ತೊಡೆಯ ಮೇಲೆ ತಲೆ ಇಟ್ಟು ಮಗಳು. ಮೂವತ್ತು ವರ್ಷ ಕನ್ನಡ ಹೇಳಿದವನಿಗೆ ಆ ಗೆರೆಗೆ ತಕ್ಕ ಪದ ಬೇಗ ಹೊಳೆಯಲಿಲ್ಲ. ಹಿಂದೆ ನಿಂತವರು ಜಲ್ದಿ ಮಾಡ್ರಿ ಎಂದರು. ಕೊನೆಗೆ, ತಾಯಿಯ ಸಹಪಾಠಿ ಎಂದು ಬರೆದು ಕೊಟ್ಟೆ.

ಹುಡುಗಿ ಅದನ್ನು ಓದಿದಳು. ನನ್ನ ಬಿಳಿ ತಲೆ ನೋಡಿದಳು, ಎದುರಿಗೆ ಕೂತ ತಾಯಿಯನ್ನೂ ನೋಡಿದಳು.

"ಭಾಳ ಸಲ ಫೇಲ್ ಆಗಿದ್ರೇನ್ರೀ ಸರ್?"

ಹೌದವ್ವಾ ಎಂದು ಹೇಳಿ, ಅಂಗಿಯ ತೋಳು ಮಡಚಿ ಮಂಚದ ಮೇಲೆ ಮಲಗಿದೆ.